ಬರಿಗಾಲ ಕಣ

ಹಲಗೇರಿ
18-4-2000

ಗೆಳೆಯ ಕನಕರಾಜನಿಗೆ,

ನೀನು ಬ್ಯಾಡಗಿಗೆ ಹೋಗಿ ವಾರವಾಯಿತು. ಕಾಲ್ಬೆರಳು ಹೇಗಿದೆ ಎಂದು ಮೊದಲು ಬರಿ. ಕುಮಾರಪಟ್ಟಣದ ಆ ಹುಡುಗ ಯಾರ್ಕರ್ ಹಾಕಿದ್ದು ಸ್ಟಂಪಿಗೆ, ನಿನ್ನ ಕಾಲಿಗಲ್ಲ. ಇದನ್ನು ನೀನೂ ಒಪ್ಪುತ್ತೀ. ಲೆದರ್ ಬಾಲಿನಲ್ಲಿ ನಮ್ಮದು ಮೊದಲ ಮ್ಯಾಚು. ಟೆನಿಸ್ ಬಾಲಿನ ಅಭ್ಯಾಸದಲ್ಲಿ ನೀನು ಕಾಲು ಹಿಂದೆ ತೆಗೆಯಲಿಲ್ಲ.

ಮ್ಯಾಚು ಹೋಯಿತು, ಮೈದಾನ ಉಳಿಯಿತು. ನಾವಿಬ್ಬರೇ ನೀರು ಹಾಕಿ ಹಾಕಿ ಬಡಿದು ಗಟ್ಟಿ ಮಾಡಿದ ಪಿಚ್ಚೂ ಉಳಿಯಿತು. ಅವರ ಕ್ಯಾಪ್ಟನ್ನು ಬೂಟು ಕಳಚುವುದಿಲ್ಲವೆಂದು ಗೆರೆಯ ಆಚೆ ಹಟ ಹಿಡಿದು ನಿಂತಿದ್ದಾಗ ನಾನು ಅವನನ್ನು ನೋಡುತ್ತಿರಲಿಲ್ಲ, ದೊಡ್ಡಪ್ಪನನ್ನು ನೋಡುತ್ತಿದ್ದೆ. ಬಯಲು ಕೊಟ್ಟ ದಿನ ಅವರು ನಮ್ಮಿಬ್ಬರನ್ನೂ ಕಟ್ಟೆಯ ಮೇಲೆ ಕೂಡಿಸಿಕೊಂಡು ಹೇಳಿದ್ದು ನೆನಪಿದೆಯಲ್ಲ. “ಆಡ್ರಿ. ಆದ್ರ ಅದು ಕಣ, ರಾಶಿ ಮಾಡಿದ ಜಾಗಾ. ಜೋಡು ಮೆಟ್ಟಿ ಯಾವನರ ಒಳಗ ಬಂದ್ರ ಮರುದಿನ ರಂಟಿ ಹೊಡಸ್ತೇನಿ.” ಬಯಲನ್ನು ಉತ್ತೇಬಿಡುತ್ತಿದ್ದರು, ಅವರು ಆಡಿದ ಮಾತನ್ನು ಮಾಡಿ ತೋರಿಸುವ ಮನುಷ್ಯ.

ಒಕ್ಕಣೆಯ ಮಷೀನು ಬಂದ ಮೇಲೆ ಅಲ್ಲಿ ಯಾರು ರಾಶಿ ಮಾಡುತ್ತಾರೆ ಎಂದು ನಮ್ಮ ಕೀಪರ್ ಹನೀಫ್ ಕೇಳುತ್ತಾನೆ. ಕೇಳಲಿ. ದೊಡ್ಡಪ್ಪ ತಾವೂ ಜೋಡು ಹೊರಗೆ ಬಿಟ್ಟೇ ಒಳಗೆ ಬರುತ್ತಾರೆ. ನಾವು ಹುಡುಗರು ಮಾತ್ರ ಯಾಕೆ ಬೇರೆಯಾಗಬೇಕು?

ಹೊಸ ಚೆಂಡು ನಿನಗಾಗಿ ಇಟ್ಟಿದ್ದೇನೆ.

ವಿಜಯಮಹಾಂತೇಶ

•

ಬ್ಯಾಡಗಿ
9-5-2000

ವಿಜಯ,

ಬೆರಳು ವಾಸಿಯಾಗುತ್ತಿದೆ. ಮೆಣಸಿನಕಾಯಿ ಚೀಲಗಳ ನಡುವೆ ಓಡಾಡುವ ಕೆಲಸ, ಗಾಯಕ್ಕೆ ಖಾರದ ಧೂಳು ಬೀಳುತ್ತದೆ. ಅವ್ವ ದಿನವೂ ಅರಿಶಿನ ಹಚ್ಚುತ್ತಾಳೆ. ನಾವೆಲ್ಲ ಈಗ ಅಕ್ಕ ದೀಪಿಕಾಳ ಮನೆಯಲ್ಲೇ ಇದ್ದೇವೆ.

ಯಾರ್ಕರ್ ವಿಷಯ ಒಪ್ಪಿದೆ. ಆದರೆ ಅದೇ ಚೆಂಡು ಬೂಟಿನ ಮೇಲೆ ಬಿದ್ದಿದ್ದರೆ ನಾನು ಬೈದು, ಮುಂದಿನ ಚೆಂಡಿಗೆ ನಿಲ್ಲುತ್ತಿದ್ದೆ.

ನಮ್ಮ ಸಾಹುಕಾರರು ಮೆಣಸಿನಕಾಯಿ ಮಾಲನ್ನು ಗುಂಟೂರಿನ ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರಂತೆ. ಅದನ್ನು ನೋಡಿಕೊಳ್ಳಲು ನನ್ನನ್ನು ಕಳಿಸುತ್ತಿದ್ದಾರೆ. ಚೆಂಡು ಹನೀಫನಿಗೆ ಕೊಡು. ಅವನಿಗೆ ಬೌಲಿಂಗ್ ಬರುವುದಿಲ್ಲ, ಚೆಂಡನ್ನು ಹಳೆಯದಾದರೂ ಮಾಡುತ್ತಾನೆ.

ಕನಕರಾಜ

•

ಗುಂಟೂರು
22-11-2001

ವಿಜಯ,

ನಿನ್ನ ಎರಡು ಕಾಗದ ಬಂದವು. ಈ ವರ್ಷ ತಡವಾಯಿತು, ಕ್ಷಮಿಸು. ನಡುವೆ ಸ್ವಲ್ಪ ಹುಷಾರಿರಲಿಲ್ಲ. ಏನೂ ದೊಡ್ಡದಲ್ಲ.

ಇಲ್ಲಿ ಭಾನುವಾರ ಒಂದು ತಂಡದ ಜೊತೆ ಇರುತ್ತೇನೆ. ಮೈದಾನ ಚೆನ್ನಾಗಿದೆ. ಎಲ್ಲರೂ ಬೂಟು ಹಾಕಿಕೊಂಡೇ ಆಡುತ್ತಾರೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಬೂಟಿಲ್ಲದೆ ಈಗ ನನಗೆ ನಡೆದಾಡಲೂ ಆಗುವುದಿಲ್ಲ. ಕೋಲ್ಡ್ ಸ್ಟೋರೇಜಿನ ನೆಲ ಅಷ್ಟು ತಣ್ಣಗಿರುತ್ತದೆ.

ಕನಕರಾಜ

•

ಹಲಗೇರಿ
3-3-2002

ಕನಕ,

ಹಾವೇರಿ ಟೂರ್ನಮೆಂಟಿನಲ್ಲಿ ಎರಡನೇ ಸುತ್ತಿನವರೆಗೆ ಹೋದೆವು. ನಮ್ಮವರು ಅಲ್ಲಿಯೂ ಬರಿಗಾಲಿನಲ್ಲೇ ಇಳಿದರು. ಬೂಟು ಇಲ್ಲ, ಇದ್ದವರಿಗೆ ಅಭ್ಯಾಸವಿಲ್ಲ. ಬೌಂಡರಿಯ ಹತ್ತಿರ ಒಬ್ಬ ಕೂಗಿದ: “ಏ ಹಲಗೇರ್ಯಾರ, ಜೋಡು ಹೊರಗ ಬಿಟ್ಟು ಮದವಿ ಊಟಕ್ಕ ಬಂದೀರೇನ?” ಹನೀಫ್ ಗ್ಲೌಸು ಕಳಚದೆ ತಿರುಗಿ, “ನಿಮ್ಮ ಜೋಡು ಜ್ವಾಪಾನ. ಹೋಗುಮುಂದ ನಾವ ಹಾಕ್ಕೊಂಡು ಹೋಗ್ತೇವಿ” ಎಂದ. ಇಡೀ ಪೆಂಡಾಲು ನಕ್ಕಿತು. ಆ ಮೇಲೆ ಅವನ ಹಿಮ್ಮಡಿಗೆ ಗಾಜು ಚುಚ್ಚಿತು. ಆಗಲೂ ಕೆಲವರು ನಕ್ಕರು.

ನಮ್ಮ ಕಣದ ಮೇಲೂ ಬೂಟು ಬೇಕು ಎಂದು ಹುಡುಗರು ಗುಸುಗುಸು ಮಾಡುತ್ತಿದ್ದಾರೆ. ದೊಡ್ಡಪ್ಪನನ್ನು ಕೇಳಿದೆ. ಅವರು ಎದ್ದು ಹೋಗಿ ಕೊಟ್ಟಿಗೆಯಲ್ಲಿ ರಂಟೆಯ ಮೇಲಿನ ಗೋಣಿ ತೆಗೆದು ತೋರಿಸಿದರು.

ಮೇ ತಿಂಗಳಲ್ಲಿ ಬಾ. ಕುಮಾರಪಟ್ಟಣದವರು ಮತ್ತೆ ಬರುತ್ತಾರೆ. ನಿನ್ನ ವೇಗದ ಬೌಲರ್ ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ವಿಜಯ

•

ಗುಂಟೂರು
30-6-2003

ವಿಜಯ,

ಹೋದ ವರ್ಷವೂ ಬರಲಿಲ್ಲ, ಈ ವರ್ಷವೂ ಆಗಲಿಲ್ಲ. ಮೇ ತಿಂಗಳಲ್ಲಿ ಮಾಲು ಬಂದು ಬೀಳುತ್ತದೆ, ರಜೆ ಸಿಗುವುದಿಲ್ಲ. ನೀನು ಹಾಗೆಂದು ನಂಬಬೇಕು.

ಲಾರಿಯಲ್ಲಿ ಒಂದು ಡಬ್ಬಿ ಬರುತ್ತದೆ. ಇಡೀ ತಂಡಕ್ಕೆ ಕ್ಯಾನ್ವಾಸ್ ಬೂಟು. ಅಳತೆ ಅಂದಾಜಿನ ಮೇಲೆ ತಂದಿದ್ದೇನೆ, ತಮ್ಮತಮ್ಮಲ್ಲಿ ಬದಲಿಸಿಕೊಳ್ಳಲಿ. ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂದು ನಾನು ಹೇಳುವುದಿಲ್ಲ. ಕ್ಯಾಪ್ಟನ್ ನೀನು.

ಕನಕರಾಜ

•

ಹಲಗೇರಿ
15-8-2003

ಕನಕ,

ಬೂಟು ಬಂದವು. ಹುಡುಗರು ಡಬ್ಬಿ ಬಿಚ್ಚಿದಾಗಿನ ಮುಖಗಳನ್ನು ನೀನು ನೋಡಬೇಕಿತ್ತು. ಹೊರಗಿನ ಮೈದಾನಕ್ಕೆ ಹಾಕುತ್ತೇವೆ. ಇಲ್ಲಿ ಗೆರೆಯ ಆಚೆ ಸಾಲಾಗಿ ಬಿಡುತ್ತೇವೆ.

ದೊಡ್ಡಪ್ಪನ ಮಗ ಸಿದ್ದಲಿಂಗೇಶಣ್ಣ ರಾಣೆಬೆನ್ನೂರಿನಿಂದ ಬಂದಿದ್ದ. ಆ ಸಾಲು ನೋಡಿ, “ಇಷ್ಟು ಚಂದ ಬೂಟು ಹೊರಗ್ಯಾಕ ಬಿಡತೀರೋ, ಹಾಕ್ಕೊಂಡು ಆಡ್ರಿ” ಎಂದ. ಹುಡುಗರು ನನ್ನ ಕಡೆ ನೋಡಿದರು. ಒಬ್ಬ ಲೇಸು ಕಟ್ಟಲು ಕುಳಿತೇಬಿಟ್ಟಿದ್ದ. ನಾನು ಅವನ ಕೈ ಹಿಡಿದೆ. ಸ್ವಲ್ಪ ಜೋರಾಗಿಯೇ ಹಿಡಿದೆನೇನೋ, ಅವನು ಈಗ ಆಟಕ್ಕೆ ಬರುತ್ತಿಲ್ಲ.

ಇಂಥ ಉಡುಗೊರೆ ಕಳಿಸುವ ಮೊದಲು ಒಂದು ಮಾತು ಕೇಳು.

ವಿಜಯ

•

ಹಲಗೇರಿ
6-10-2004
(ಅಂಚೆಗೆ ಹಾಕದ್ದು)

ಕನಕ,

ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಎತ್ತಲಾರರು. ಮಾತು ಪೂರ್ತಿ ಹೋಗಿದೆ. ಗಂಟಲಿನಿಂದ ಒಂದೇ ಸದ್ದು ಬರುತ್ತದೆ. ಹೌದಿಗೂ ಅದೇ, ಅಲ್ಲಕ್ಕೂ ಅದೇ.

ಸಿದ್ದಲಿಂಗೇಶಣ್ಣ ರಾಣೆಬೆನ್ನೂರಿನಲ್ಲಿ ನಿವೇಶನ ಮಾರುವ ವ್ಯವಹಾರಕ್ಕೆ ಇಳಿದಿದ್ದಾನೆ. ಅವನ ಕಣ್ಣು ಬಯಲಿನ ಮೇಲಿದೆ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ, ನಮ್ಮ ಮನೆಯವರಿಗೆ ಮತ್ತು ಪಂಚರಿಗೆ ಮಾತ್ರ ಗೊತ್ತು. ನನ್ನ ಅಪ್ಪ, ದೊಡ್ಡಪ್ಪ ಪಾಲಾದಾಗ ಕಣವನ್ನು ಪಾಲಿಗೆ ಹಚ್ಚಲಿಲ್ಲ. ಕಣ ಒಡೆಯಬಾರದು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. “ಕಣ ಕಣಾ ಆಗಿರೂ ತನಕಾ ಇಬ್ಬರದೂ. ಜೋಡಿನ ಕಾಲು ಬಿದ್ದ ದಿನಾ ಅದು ಬರೇ ಹೊಲಾ. ಅವತ್ತ ಅಳದು ಹಂಚಕೋರಿ” ಎಂದು ಪಂಚರು ಹೇಳಿದ್ದರು. ಹಿರಿಯ ಪಾಲು ದೊಡ್ಡಪ್ಪನದು. ಅಳೆದರೆ ರಸ್ತೆಯ ಕಡೆಯದು ಅವರಿಗೆ, ಅಂದರೆ ಅಣ್ಣನಿಗೆ. ಪಿಚ್ಚು ಇರುವುದು ಅಲ್ಲಿ. ನನಗೆ ಉಳಿಯುವುದು ಹಳ್ಳದ ಕಡೆಯ ಜವುಗು.

ಪಂಚರ ಎದುರು ಅಣ್ಣ ತಾನಾಗಿ ಜೋಡು ಮೆಟ್ಟಿ ಬರಲಾರ. ಬೇರೆಯವರು ಬರಲಿ ಎಂದು ಕಾಯುತ್ತಿದ್ದಾನೆ.

ಇದನ್ನು ನಿನಗೆ ಬರೆದರೆ ಏನಾಗುತ್ತದೆ ಎಂದು ಬರೆಯುತ್ತಲೇ ಯೋಚಿಸುತ್ತಿದ್ದೇನೆ. ಆಸ್ತಿ ಕಾಯಲು ಇಷ್ಟು ವರ್ಷ ನಮ್ಮನ್ನು ಬರಿಗಾಲಿನಲ್ಲಿ ಓಡಿಸಿದ ಎನ್ನುತ್ತೀ. ಹುಡುಗರೂ ಹಾಗೇ ಅನ್ನುತ್ತಾರೆ. ಅವರಲ್ಲೊಬ್ಬ ಸಿಟ್ಟಿಗೆ ಬೂಟು ಹಾಕಿಕೊಂಡು ಗೆರೆ ದಾಟಿದರೆ ಮುಗಿಯಿತು. ದೊಡ್ಡಪ್ಪನ ಮಾತು ಎಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ.

•

ಹಲಗೇರಿ
7-10-2004

ಕನಕ,

ಇಲ್ಲಿ ಎಲ್ಲ ಸರಿಯಾಗಿದೆ. ದೊಡ್ಡಪ್ಪ ಆರಾಮ ಇದ್ದಾರೆ. ಬೂಟಿನ ವಿಷಯ ಮತ್ತೊಮ್ಮೆ ಕೇಳಿದೆ, ಬೇಡ ಎಂದರು. ಅವರಿರುವ ತನಕ ಅದನ್ನು ಎತ್ತುವುದು ಬೇಡ.

ವಿಜಯ

•

ಗುಂಟೂರು
12-2-2006

ವಿಜಯ,

ನನ್ನ ಅಪ್ಪ ಹೊಳಿಯಪ್ಪ ತೀರಿಕೊಂಡದ್ದಕ್ಕೆ ನೀನು ಬರೆದ ಕಾಗದ ತಲುಪಿತು. ಕ್ಲಬ್ಬಿನ ಹುಡುಗರು ಒಂದು ದಿನ ಆಟ ಬಿಟ್ಟರು ಎಂದು ಬರೆದಿದ್ದೀ. ಅದು ದೊಡ್ಡ ಮಾತು.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಅಪ್ಪ ನಿಮ್ಮ ಮನೆಯಲ್ಲಿ ಸಂಬಳದ ಆಳಾಗಿದ್ದದ್ದು ನಿನಗೆ ಗೊತ್ತು. ಅವನು ನಿಮ್ಮ ಮನೆಯ ಮುಂದೆ ಹಾಯುವಾಗ ಜೋಡನ್ನು ಕೈಯಲ್ಲಿ ಹಿಡಿದುಕೊಂಡು ಹಾಯುತ್ತಿದ್ದ. ಸಣ್ಣವನಿದ್ದಾಗ ಯಾಕೆ ಎಂದು ಕೇಳಿದ್ದೆ. ಕಾಲಿಗೆ ಸೆಕೆಯಾಗುತ್ತದೆ ಎಂದಿದ್ದ. ಅದು ಕಣವಾಗಿರಲಿಲ್ಲ ವಿಜಯ, ರಸ್ತೆ. ಅಲ್ಲಿ ಯಾರೂ ರಾಶಿ ಮಾಡಿರಲಿಲ್ಲ.

ಇನ್ನು ಮುಂದೆ ದೊಡ್ಡಪ್ಪ ಬೇಡ ಎಂದರು ಎಂದು ನನಗೆ ಬರೆಯಬೇಡ.

ಕನಕರಾಜ

•

ಹಲಗೇರಿ
28-1-2007

ಕನಕ,

ಒಂದು ವರ್ಷ ಹಿಡಿಯಿತು. ಉತ್ತರ ಬರೆದು ಬರೆದು ಬಿಟ್ಟೆ.

ನಿನ್ನ ಅಪ್ಪನ ವಿಷಯ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದ್ದೆ. ಯೋಚಿಸಿರಲಿಲ್ಲ. ಆದರೆ ರಸ್ತೆ ಬೇರೆ, ಕಣ ಬೇರೆ. ಕಣದ ಗೆರೆಯ ಹತ್ತಿರ ದೊಡ್ಡಪ್ಪನ ಜೋಡೂ ನಿನ್ನ ಅಪ್ಪನ ಜೋಡೂ ಒಂದೇ ಕಡೆ ಬಿದ್ದಿರುತ್ತಿದ್ದವು.

ನನ್ನ ಮೊಬೈಲ್ ನಂಬರು ಕೆಳಗಿದೆ. ಕೆಲವು ಸಂಗತಿ ಕಾಗದದಲ್ಲಿ ಬರೆಯಲಾಗುವುದಿಲ್ಲ.

ವಿಜಯ

•

ಗುಂಟೂರು
19-2-2007

ವಿಜಯ,

ಫೋನು ಬೇಡ. ಫೋನಿನಲ್ಲಿ ನೀನು ಎಲ್ಲದಕ್ಕೂ ಬೇಗ ಹೂಂ ಅನ್ನುತ್ತೀ. ಬರಿ.

ಕನಕರಾಜ

•

ಗುಂಟೂರು
4-3-2009

ವಿಜಯ,

ಎರಡು ವರ್ಷ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಮೊನ್ನೆ ಬ್ಯಾಡಗಿಯಿಂದ ಅಕ್ಕ ಫೋನು ಮಾಡಿದ್ದಳು. ಹಲಗೇರಿಗೆ ಮದುವೆಗೆ ಹೋಗಿದ್ದಳಂತೆ. ನಿನ್ನ ದೊಡ್ಡಪ್ಪನನ್ನು ನೋಡಿದಳಂತೆ. “ಪಾಪ, ಮಾತು ಹೋಗಿ ನಾಕೈದು ವರ್ಷ ಆತಂತೋ, ಬರೇ ಹೂಂಗುಡ್ತಾರ” ಎಂದಳು.

ನಾನು ಪೆಟ್ಟಿಗೆಯಿಂದ ನಿನ್ನ ಕಾಗದ ತೆಗೆದು ತಾರೀಖು ನೋಡಿದೆ. ‘ಮತ್ತೊಮ್ಮೆ ಕೇಳಿದೆ, ಬೇಡ ಎಂದರು.’ ಮಾತಿಲ್ಲದ ಮನುಷ್ಯನ ಬಾಯಿಂದ ಬೇಡ ಅನ್ನಿಸಿದ್ದೀ. ಹಾಗಾದರೆ ಆ ನಿಯಮ ಯಾರದು? ಹುಡುಗರಿಗೆ ಬೂಟು ಬೇಡವೆಂದವರು ಯಾರು?

ಕ್ಲಬ್ಬಿಗೆ ಹತ್ತು ವರ್ಷ ತುಂಬಿತೆಂದು ಮ್ಯಾಚು ಇಟ್ಟಿದ್ದೀರಂತೆ, ಹನೀಫ್ ಆಮಂತ್ರಣ ಪತ್ರಿಕೆ ಕಳಿಸಿದ್ದಾನೆ. ಬರುತ್ತೇನೆ. ಬೂಟು ಹಾಕಿಕೊಂಡು ಬರುತ್ತೇನೆ.

ಕನಕರಾಜ

•

ಹಲಗೇರಿ
16-3-2009

ಕನಕ,

ಬಾ. ಮೊದಲು ನಾವಿಬ್ಬರೇ ಕುಳಿತು ಮಾತಾಡೋಣ. ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಕಾಯುತ್ತೇನೆ. ಯಾವ ರೈಲು ಎಂದು ತಿಳಿಸು. ಬೇರೆ ಯಾರಿಗೂ ತಿಳಿಸಬೇಡ.

ವಿಜಯ

•

ಗುಂಟೂರು
2-5-2009

ವಿಜಯ,

ಸುರಕ್ಷಿತವಾಗಿ ತಲುಪಿದೆ. ಮ್ಯಾಚು ಮುಗಿದ ಮೇಲೆ ನಿನ್ನನ್ನು ಹುಡುಕಿದೆ, ಕಾಣಲಿಲ್ಲ. ಹೊರಟ ಹೊತ್ತಿಗೂ ಬರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಸ್ಟೇಷನ್ನಿನಲ್ಲಿ ನೀನು ಕಾಯುತ್ತೇನೆ ಎಂದಿದ್ದೆ. ನಾನು ಇಳಿದಾಗ ಸಿದ್ದಲಿಂಗೇಶಣ್ಣನ ಕಾರು ನಿಂತಿತ್ತು. ನಿನ್ನ ಕಾಗದಕ್ಕೆ ಮೊದಲೇ ಹನೀಫನಿಗೆ ರೈಲಿನ ವೇಳೆ ಬರೆದಿದ್ದೆ, ಅವನು ಹೇಳಿದನಂತೆ. ನೀನು ಪೆಂಡಾಲಿನ ಕೆಲಸದಲ್ಲಿದ್ದೀ ಎಂದು ಅಣ್ಣ ಹೇಳಿದ. ನೀನು ಹಿಂದಿನ ಗೇಟಿನಲ್ಲಿ ನಿಂತಿದ್ದೆ ಎಂದು ಆಮೇಲೆ ಗೊತ್ತಾಯಿತು. ದಾರಿಯುದ್ದಕ್ಕೂ ಅಣ್ಣ ನನ್ನ ಅಪ್ಪನ ವಿಷಯ ಕೇಳಿದ. ಅವನ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ನಿಮ್ಮ ಮನೆಯ ಮುಂದೆ ಹಾದೆ. ಅದು ನನಗೆ ಏನು ಎಂದು ನಿನಗೆ ತಿಳಿಯಲಾರದು.

ಗೆರೆಯ ಹತ್ತಿರ ನೀನು ಓಡಿ ಬಂದೆ. ಎಲ್ಲರ ಎದುರು ಅಂದೆ: “ಬೂಟು ಕಳಚೋ ಕನಕಾ. ನನ್ನ ಸಲುವಾಗಿ ಕಳಚು.” ಒಂಬತ್ತು ವರ್ಷದ ಮೇಲೆ ಎದುರಿಗೆ ನಿಂತು ನೀನಾಡಿದ ಮೊದಲ ಮಾತು. ನಾನು ಕೇಳಿದೆ, “ಯಾಕ ಅಂತ ಹೇಳು, ಕಳಚತೇನಿ.” ನೀನು ನಿನ್ನ ಅಣ್ಣನ ಕಡೆ ನೋಡಿದೆ, ಜನರ ಕಡೆ ನೋಡಿದೆ. ನಾನು ಇನ್ನೂ ಕಾದೆ. ಆಗ ನಿನ್ನ ಅಣ್ಣನೇ ಕುರ್ಚಿಯಿಂದ ಎದ್ದ. “ಬಿಡೋ ವಿಜಯಾ, ಅಷ್ಟು ದೂರಿಂದ ಬಂದಾನ. ನಾ ಹೇಳತೇನಿ, ಬಾರೋ ಕನಕಾ, ಹಂಗ ಬಾ.” ಕುರ್ಚಿಯಲ್ಲಿದ್ದ ನಿನ್ನ ದೊಡ್ಡಪ್ಪ ಒಂದು ಸದ್ದು ಮಾಡಿದರು. ಅದನ್ನು ಒಪ್ಪಿಗೆ ಎಂದುಕೊಂಡೆ. ದಾಟಿದೆ.

ನಾನು ಒಂದೇ ಓವರ್ ಹಾಕಿದ್ದಕ್ಕೆ, ಅದೂ ನಾಲ್ಕು ಹೆಜ್ಜೆ ಓಡಿ ಹಾಕಿದ್ದಕ್ಕೆ ಹುಡುಗರು ನಕ್ಕರು. ನೀನು ನಗಲಿಲ್ಲ. ಹಳ್ಳಿಯ ಮ್ಯಾಚೆಂದು ತಾತ್ಸಾರ ಮಾಡುತ್ತಿದ್ದಾನೆ ಎನ್ನುವಂತೆ ನೋಡಿದೆ.

ಹೇಳಿಬಿಡುತ್ತೇನೆ. ಆ ಮನೆಯಲ್ಲಿ ನಿನ್ನ ಅಣ್ಣನ ಮನಸ್ಸು ನಿನ್ನದಕ್ಕಿಂತ ದೊಡ್ಡದು.

ಕನಕರಾಜ

•

ಹಲಗೇರಿ
20-7-2009

ಕನಕ,

ನಿನ್ನ ಕಾಗದ ಬಂದಾಗ ಬಯಲಿನಲ್ಲಿ ಸರಪಳಿ ಹಿಡಿದು ಅಳೆಯುತ್ತಿದ್ದರು. ಅಂಚೆಯವನು ಅಲ್ಲಿಯೇ ತಂದು ಕೊಟ್ಟ. ಕೊನೆಯ ಸಾಲನ್ನು ಅಲ್ಲೇ ನಿಂತು ಓದಿದೆ.

ಜೊತೆಗಿರುವುದು 2004ರ ಕಾಗದ. ಆಗ ಕಳಿಸಿರಲಿಲ್ಲ. ಓದಿದರೆ ಉಳಿದದ್ದು ತಿಳಿಯುತ್ತದೆ.

ಮ್ಯಾಚಿನ ಮರುವಾರ ಅಣ್ಣ ಪಂಚರನ್ನು ಕೂಡಿಸಿದ. ಕನಕನನ್ನು ಒಳಗೆ ಕರೆದವನು ನೀನೇ ಅಲ್ಲವೇ ಎಂದು ನಾನು ಅವನನ್ನು ಕೇಳಿದೆ. “ಕರದಾಂವ ನಾನ. ಆದ್ರ ಪಂಚರು ಕರದಾಂವನ ಮಾತು ಹೇಳಿರಲಿಲ್ಲ, ಕಾಲಿನ ಮಾತು ಹೇಳಿದ್ರು” ಎಂದ. ಪಂಚರಲ್ಲಿ ಒಬ್ಬರು ತಲೆ ತಗ್ಗಿಸಿದರು, ಉಳಿದವರು ಹೌದೆಂದರು. ದೊಡ್ಡಪ್ಪನನ್ನು ಕುರ್ಚಿಯ ಸಮೇತ ಹೊತ್ತು ತಂದಿದ್ದರು. ಅವರು ಸದ್ದು ಮಾಡಿದರು. ಅದನ್ನು ಅಣ್ಣ ಒಂದು ಅರ್ಥದಲ್ಲಿ ತೆಗೆದುಕೊಂಡ, ನಾನು ಇನ್ನೊಂದರಲ್ಲಿ.

ನೀನು ಕೇಳಿದಾಗ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ಮನೆಯ ಜಗಳವನ್ನು ಮೈಕಿನ ಎದುರು ಬಿಚ್ಚಬೇಕಿತ್ತು. ಬಾಯಿ ಬರಲಿಲ್ಲ. ಆದರೆ ನೀನು ಕಳಚಬಹುದಿತ್ತು. ಯಾಕೆ ಎಂದು ಕೇಳದೆ ಕಳಚಬಹುದಿತ್ತು. ಗೆಳೆಯನೊಬ್ಬ ಅಷ್ಟು ಜನರ ಎದುರು ಕೈ ಮುಗಿಯುವ ಹಾಗೆ ನಿಂತಿದ್ದಾಗ.

ವಿಜಯ

•

ಗುಂಟೂರು
11-8-2009

ವಿಜಯ,

ಎರಡೂ ಕಾಗದ ಓದಿದೆ. ಹಳೆಯದನ್ನು ಎರಡು ಸಲ.

ನನ್ನ ಎಡಗಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ್ದು ಇಲ್ಲ. 2001ರ ಮಳೆಗಾಲದಲ್ಲಿ ಇಲ್ಲಿಯೇ ತೆಗೆದರು. ಗಾಯ ಮಾಯಲಿಲ್ಲ, ಕೀವು ಮೂಳೆಗೆ ಇಳಿದಿತ್ತು. ಬೂಟಿನ ಮುಂಭಾಗದಲ್ಲಿ ಬಟ್ಟೆ ತುರುಕಿ ನಡೆಯುತ್ತೇನೆ. ಭಾನುವಾರದ ತಂಡಕ್ಕೆ ನಾನು ಸ್ಕೋರು ಬರೆಯುತ್ತೇನೆ. ಆ ಓವರ್ ಹಾಕಲು ಒಂದೂವರೆ ತಿಂಗಳು ಗೋಡೆ ಹಿಡಿದು ಅಭ್ಯಾಸ ಮಾಡಿದ್ದೆ.

ಇದನ್ನು ಮೊದಲೇ ಬರೆದಿದ್ದರೆ ನೀನು ದೊಡ್ಡಪ್ಪನ ಹತ್ತಿರ ಹೋಗುತ್ತಿದ್ದೆ. ಅವರು ಯಾರದೋ ಕೈಯಲ್ಲಿ ಅವ್ವನಿಗೆ ಜೋಳದ ಚೀಲ ಕಳಿಸುತ್ತಿದ್ದರು. ಅದು ನನಗೆ ಬೇಕಿರಲಿಲ್ಲ.

ಅವತ್ತು ನೀನು ಕಾರಣ ಹೇಳಿದ್ದರೆ ಕಳಚುತ್ತಿದ್ದೆನೇ? ಕಳಚುತ್ತೇನೆ ಎಂದೇನೋ ಅಂದೆ. ನನಗೆ ಗೊತ್ತಿಲ್ಲ. ಇಷ್ಟು ದಿನದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಹನೀಫನ ಕೈಯಿಂದ ಲೇಔಟಿನ ನಕ್ಷೆ ತರಿಸಿಕೊಂಡೆ. ರಸ್ತೆಯಿಂದ ಮೂರನೆಯ ಸಾಲಿನ ಮೂಲೆಯ ನಿವೇಶನದಲ್ಲಿ ನಮ್ಮ ಪಿಚ್ಚಿನ ಬೌಲಿಂಗ್ ತುದಿ ಬರುತ್ತದೆ. ಅದನ್ನು ನಿನ್ನ ಅಣ್ಣನಿಂದ ಅವ್ವನ ಹೆಸರಿಗೆ ತೆಗೆದುಕೊಂಡಿದ್ದೇನೆ. ಮುಂಗಡ ಕಳಿಸಿ ಆಗಿದೆ. ಒಂದು ನಿವೇಶನದಲ್ಲಿ ಪಿಚ್ಚು ಹಿಡಿಸುವುದಿಲ್ಲ. ಬ್ಯಾಟಿಂಗ್ ತುದಿ ಪಕ್ಕದ್ದರಲ್ಲಿದೆ. ಅದನ್ನು ನೀನು ಹಿಡಿ. ಮೈದಾನ ಆಗುವುದಿಲ್ಲ, ಗೊತ್ತು. ಹುಡುಗರು ಸಂಜೆ ನಿಂತು ನಾಲ್ಕು ಚೆಂಡು ಹಾಕಬಹುದು. ಜೋಡು ಹಾಕುವವರು ಹಾಕಲಿ, ಬಿಡುವವರು ಬಿಡಲಿ.

ಕನಕರಾಜ

•

ಹಲಗೇರಿ
3-9-2009

ಕನಕ,

ಕಾಗದ ನಿನ್ನೆ ಬಂತು. ಓದಿ ನೇರ ಅಣ್ಣನ ಹತ್ತಿರ ಹೋದೆ. ಅಳತೆಯಾದ ಮೇಲೆ ಅವನೊಂದಿಗೆ ಮಾತಾಡಿರಲಿಲ್ಲ. ಪಕ್ಕದ್ದು ಬೇಕು ಎಂದೆ. “ಯಾಕ ಅಂತ ಹೇಳಿದ್ರ ಕೊಡತೇನಿ” ಎಂದ, ನಗುತ್ತ. ಹೇಳಿದೆ. ಈ ಸಲ ಎಲ್ಲವನ್ನೂ ಹೇಳಿದೆ, ನಿನ್ನ ಕಾಲನ್ನೂ. ನೀನು ಬೈಯುತ್ತೀ, ಬೈ. ಅವನ ನಗು ನಿಂತಿತು. “ಹೋದ ವಾರಾನ ಹೋತೋ ಅದು. ರಾಣೆಬೆನ್ನೂರಾಗಿನ ಮಾಸ್ತರೊಬ್ಬರು ತಗೊಂಡ್ರು. ಅವರ ಪಾಯಾ ತೋಡಸಾಕತ್ತಾರ” ಎಂದ. ಸುಳ್ಳು ಹೇಳುತ್ತಿದ್ದಾನೆಂದು ಬಯಲಿಗೆ ಹೋಗಿ ನೋಡಿದೆ. ನಿಜ.

ಗುದ್ದಲಿ ಇಳಿಯುತ್ತಿರಲಿಲ್ಲ. ಸುತ್ತಲಿನ ನಿವೇಶನಗಳಲ್ಲಿ ಮಣ್ಣು ಮೆತ್ತಗೆ ಬರುತ್ತಿತ್ತು, ಈ ಒಂದು ಪಟ್ಟಿಯಲ್ಲಿ ಮಾತ್ರ ಪಿಕಾಸಿ ಎಗರಿ ಬರುತ್ತಿತ್ತು. ಕೂಲಿಯವರು ಮೂವರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಒಬ್ಬ ನನ್ನನ್ನು ಜಾಗದವನೆಂದು ತಿಳಿದು ಸಿಟ್ಟಿನಿಂದ ಕೇಳಿದ: “ಯಾವಾಂವ್ರೀ ಇದನ್ನ ಹಿಂಗ ಬಡದಾಂವಾ?”

ಇಬ್ಬರಿದ್ದೆವು ಎಂದೆ.

ವಿಜಯ